ಸೌಂದರ್ಯಾ ಓಡಿದ ದಿನ ನಾವೂ ಓಡಿದ್ದು

ನೆನೆದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿತುಕಿದರೆ ಬೇಳೆ ಪುಸಕ್ಕನೆ ಸಿಪ್ಪೆ ಬಿಟ್ಟು ಜಿಗಿಯುತ್ತದೆ. ಗುರಿ ತಪ್ಪಿದರೆ ಬೋಗುಣಿಗೆ ಬೀಳದೆ ಎದುರು ಕೂತವರ ಮುಖಕ್ಕೆ ಬೀಳುತ್ತದೆ. ಅವತ್ತು ನನ್ನ ಬೇಳೆಗಳೆಲ್ಲ ಮುಖಕ್ಕೇ ಬೀಳುತ್ತಿದ್ದವು.

"ಶೇಷಮ್ಮ, ನನ್ನ ಕಣ್ಣು ಉಳಿಸು ತಾಯಿ. ಓಟ ಸುರುವಾಗೋ ಒತ್ತಿಗೆ ಎರಡೂ ಬೇಕು ನಂಗೆ" ಎಂದರು ಪಟಾಲಮ್ಮ.

ಪಟಾಲಮ್ಮ, ಮುನಿಆಂಜನಪ್ಪ ದಂಪತಿ ನಮ್ಮ ಮನೆ ಮಾಲೀಕರು. ಮರ್ಫಿ ಟೌನಿನ ಅವರ ಮನೆಯ ಹಿಂದೆ ಸಾಲಾಗಿ ಕಟ್ಟಿಸಿದ ರೂಮುಗಳಲ್ಲಿ ಒಂದರಲ್ಲಿ ನಾವಿದ್ದೆವು: ನಾನು, ನನ್ನ ಮಗ ಕಿರಣಕುಮಾರ, ಸೊಸೆ ಸೌಂದರ್ಯಾ, ಆಗಷ್ಟೇ ಹಾಲು ಬಿಟ್ಟಿದ್ದ ಮೊಮ್ಮಗಳು ಪುಟ್ಟಿ. ಲಿಂಗಸುಗೂರು ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರು. ದೊಮ್ಮಲೂರಿನ ಫ್ಲೈಓವರ್ ಇನ್ನೂ ಎದ್ದಿರಲಿಲ್ಲ, ಆ ಕಾಲದ ಮಾತು. ಹಿತುಕಿದ ಅವರೆ ಅನ್ನುವ ಈ ಊರಿನ ಚಳಿಗಾಲದ ಹುಚ್ಚು ನಮಗೆ ಪಟಾಲಮ್ಮನವರಿಂದ ಹತ್ತಿತ್ತು.

ಸೌಂದರ್ಯಾ ಆ ಹೊತ್ತಿಗೆ ಬೇರೆ ದೇಶದಲ್ಲಿದ್ದಳು. ಏಷ್ಯಾದ ದೊಡ್ಡ ಕೂಟ, ಹತ್ತು ಸಾವಿರ ಮೀಟರು ಓಟ. ಮೈದಾನಕ್ಕೆ ಇಪ್ಪತ್ತೈದು ಸುತ್ತು. ನನ್ನ ಸೊಸೆ ಮಾತಿನಲ್ಲಿ ಮೆತ್ತಗೆ, ಅಡಿಗೆಯಲ್ಲಿ ಉಪ್ಪು ಜಾಸ್ತಿ, ಓಟದಲ್ಲಿ ಕುದುರೆ. ಓಟದ ಹೆಸರಿನಿಂದಲೇ ಸರ್ಕಾರಿ ಆಫೀಸಿನಲ್ಲಿ ನೌಕರಿ ಹಿಡಿದವಳು.

ಅವತ್ತು ಅವಳಿಗೆ ಪದಕ ಬಂದರೆ ಚಿನ್ನವೋ ಕಂಚೋ ನನಗೆ ಲೆಕ್ಕವಿರಲಿಲ್ಲ. ನನ್ನ ರವಿಕೆಯೊಳಗೆ ಒಂದು ಕಾಗದವಿತ್ತು, ನನ್ನ ಚಿಂತೆ ಅದರದ್ದು. ದೀಪಾವಳಿಗೆ ಮುಂಚೆಯೇ ಕೋಚ್ ಯಶೋದಮ್ಮ ಕೇಳಿದ್ದರು: ಹುಡುಗಿ ಮುಂದಿನ ವರ್ಷವಿಡೀ ಪಂಜಾಬಿನ ಕ್ಯಾಂಪಿನಲ್ಲಿರಬೇಕು, ಮಗು ಅಳುತ್ತದೆ ಅಂತ ನಡುವೆ ವಾಪಸು ಕರೆಸಿಕೊಳ್ಳುವುದಿಲ್ಲ ಎಂದು ಮನೆಯವರು ಬರೆದು ನನಗೆ ಟಪಾಲಿನಲ್ಲಿ ಕಳಿಸಿ. ಬರೆದವಳು ನಾನೇ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ಒಂದೊಂದೂ ಅವರೆಕಾಳಿನಷ್ಟು ದಪ್ಪ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಬರೆದು ನನ್ನ ಹೆಸರು ಹಾಕಿದ್ದೆ. ಕಿರಣನ ಸಹಿ ಒಂದು ಬಾಕಿ. ಅವನು ಇವತ್ತು ನಾಳೆ ಅನ್ನುತ್ತ ಬಂದು, ಕೊನೆಗೆ ಹೆಂಡತಿ ವಿಮಾನ ಹತ್ತುವ ಹಿಂದಿನ ದಿನ ಎಲ್ಲರ ಎದುರಿಗೆ ಹೇಳಿಬಿಟ್ಟಿದ್ದ: "ಪದಕ ತಂದ್ರ ಸೈ ಮಾಡ್ತೀನಿ. ಇಲ್ಲಂದ್ರ ಓಡಿದ್ದು ಸಾಕು. ಆಫೀಸು, ಮನಿ, ಮಗು ನೋಡ್ಕೊಂಡಿರ್ಲಿ." ಸೌಂದರ್ಯಾ ಆಗಲಿ ಅಂದಿದ್ದಳು. ಅಂದವಳು ಆ ರಾತ್ರಿ ಊಟ ಮಾಡಲಿಲ್ಲ.

ಮಾಲೀಕರ ಹಜಾರದಲ್ಲಿ ಟಿವಿ ಹಾಕಿದರು. ಇನ್ನೇನು ಎಲ್ಲರೂ ಕೂರಬೇಕು, ಪಟಾಲಮ್ಮ ತಡೆದರು.

"ನಿಲ್ಲಿ ನಿಲ್ಲಿ. ಹೋದ್ಸಲ ಡೆಲ್ಲಿ ಓಟದಾಗೆ ಅವಳು ಎರಡನೇವಳಾಗಿ ಬಂದಾಗ ಯಾರ್ಯಾರು ಎಲ್ಲೆಲ್ಲಿ ಕುಂತಿದ್ರೋ ಅಲ್ಲಲ್ಲೇ ಕುಂತ್ಕಳಿ. ಜಾಗ ಕೆಟ್ರೆ ಓಟ ಕೆಡ್ತದೆ."

ಯಾರೂ ನಗಲಿಲ್ಲ. ನಮ್ಮ ಕಡೆ ಕ್ರಿಕೆಟ್ ನೋಡುವವರೂ ಹೀಗೇ. ಕಿರಣ ಬಾಗಿಲ ಎಡಕ್ಕೆ, ತೊಡೆಯ ಮೇಲೆ ಪುಟ್ಟಿ. ಪಟಾಲಮ್ಮ ಬಲಗಾಲು ಮಡಚಿ ಮಂಚದ ಮೇಲೆ. ನಾನು ಟಿವಿ ಮೇಜಿನ ಬುಡದಲ್ಲಿ, ಟಿವಿಗೆ ಬೆನ್ನು ಹಾಕಿ. ಹೋದ ಸಲ ಓಟ ಸುರುವಾಗಿದ್ದು ಗೊತ್ತಾಗದೆ ನಾನು ಅಲ್ಲೇ ಕಾಳು ಹಿತುಕುತ್ತ ಕೂತಿದ್ದೆ. ಆದ್ದರಿಂದ ಈ ಸಲವೂ ಓಟ ನೋಡುವ ಭಾಗ್ಯವಿಲ್ಲ, ನೋಡುವವರ ಮುಖ ನೋಡಬೇಕು.

ಎಲ್ಲರಿಗಿಂತ ಕಷ್ಟ ಮುನಿಆಂಜನಪ್ಪನವರದು. ಹೋದ ಸಲ ಅವರು ಕಿಟಕಿಯ ಹತ್ತಿರ ಆಂಟೆನಾ ವೈರು ಎತ್ತಿ ಹಿಡಿದು ನಿಂತಿದ್ದರು. ಈಗ ಕೇಬಲ್ ಬಂದಿತ್ತು.

"ಏನೇ, ಇಲ್ದಿರೋ ವೈರು ಎಂಗೆ ಇಡ್ಕಳ್ಲಿ?"

"ಬಟ್ಟೆ ಹಗ್ಗ ಇಡ್ಕಳಿ. ಕೈ ಮೇಲಿದ್ರೆ ಸಾಕು."

ಮೂರು ಎಕರೆ ಹೊಲ, ಎಂಟು ಬಾಡಿಗೆ ರೂಮುಗಳ ಯಜಮಾನರು ನೈಲಾನ್ ಹಗ್ಗ ಎತ್ತಿ ಹಿಡಿದು ನಿಂತರು.

ಬಂದೂಕಿನ ಸದ್ದು ಕೇಳಿತು. ಮುಖಗಳೆಲ್ಲ ಒಮ್ಮೆಲೇ ಮುಂದಕ್ಕೆ ಬಾಗಿದವು. ಮುಂದಿನ ಗುಂಪಿನಲ್ಲೇ ಇದ್ದಾಳೆ ಎಂದರು. ಬೆವರೇ ಇಲ್ಲ ಎಂದರು. ಸುತ್ತಿನ ಮೇಲೆ ಸುತ್ತು ಹೋಯಿತು. ನಾನು ಕಿರಣನ ಮುಖವನ್ನೇ ಓದುತ್ತಿದ್ದೆ. ಅವನ ತುಟಿ ಸ್ವಲ್ಪ ತೆರೆದಿತ್ತು, ಹುಡುಗನಾಗಿದ್ದಾಗ ಜೇನುಗೂಡು ನೋಡುತ್ತಿದ್ದಂತೆ.

ಆಮೇಲೆ ಎಲ್ಲರ ಮುಖವೂ ಒಟ್ಟಿಗೆ ಕಪ್ಪಾಯಿತು. ಕರೆಂಟು ಹೋಗಿತ್ತು.

"ನಮ್ದೊಂದೇ ಲೈನಾ?" ಎಂದು ಕೂಗಿದರು ಪಟಾಲಮ್ಮ. ಬೀದಿಯಿಂದ ಉತ್ತರ ಬಂತು: ಮರ್ಫಿ ಟೌನು ಪೂರ್ತಿ ಹೋಗಿದೆ, ಹಲಸೂರಲ್ಲಿ ಇದೆ.

ಹಲಸೂರು ಬಜಾರಿನ ಹಿಂದೆ ಜಹನಾರಾ ಮನೆ. ನಾನು ಆಕೆಯ ಹೊಲಿಗೆಗೆ ಗುಂಡಿ, ಹುಕ್ಕು ಹಾಕಿಕೊಡುತ್ತಿದ್ದೆ. ಅಲ್ಲಿಗೆ ಹೋಗೋಣ ಎಂದು ನಾನು ಬಾಯಿ ಮುಚ್ಚುವ ಮುಂಚೆ ಕಿರಣ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿದ್ದ.

ನಾವು ಓಡಿದೆವು. ಮುಂದೆ ಕಿರಣ, ಅವನ ಕೂದಲು ಹಿಡಿದು ಕೇಕೆ ಹಾಕುತ್ತ ಪುಟ್ಟಿ. ಹಿಂದೆ ಪಂಚೆ ಎತ್ತಿ ಕಟ್ಟಿದ ಮುನಿಆಂಜನಪ್ಪ, ಒಂದು ಕೈಯಲ್ಲಿ ಆ ಹಗ್ಗ. ಅವರ ಹಿಂದೆ ಅವರೆ ಬೋಗುಣಿಯನ್ನು ಸೊಂಟಕ್ಕಿಟ್ಟುಕೊಂಡ ಪಟಾಲಮ್ಮ. ಬೋಗುಣಿ ಬಿಟ್ಟು ಬಂದರೆ ಜಾಗ ಕೆಡುತ್ತದಂತೆ. ಕೊನೆಗೆ ನಾನು, ಸೆರಗು ಬಾಯಲ್ಲಿ ಕಚ್ಚಿಕೊಂಡು. ದಾರಿಯುದ್ದಕ್ಕೂ ಬೇಳೆ ಚೆಲ್ಲಿತು. ತರಕಾರಿ ಗಾಡಿಯವನು "ಎನ್ನಮ್ಮಾ ಆಚ್ಚು?" ಎಂದು ತಮಿಳಿನಲ್ಲಿ ಕೇಳಿದ. ನನ್ನ ಬಾಯಲ್ಲಿ ಸೆರಗು. ಏನೋ ಆಗಿದೆ ಎಂದುಕೊಂಡು ಅವನೂ ಓಡಿಬಂದ. ಅವನ ಹಿಂದೆ ಸೋಡಾ ಅಂಗಡಿಯವನು. ದೊಡ್ಡ ರಸ್ತೆ ದಾಟುವಾಗ ಬಸ್ಸು ನಿಲ್ಲಿಸಿದ ಡ್ರೈವರು ನಮ್ಮ ಮೆರವಣಿಗೆ ಪೂರ್ತಿ ಮುಗಿಯುವವರೆಗೂ ಕಾದ.

ಜಹನಾರಾ ಮೆಟ್ಟಿಲ ಮೇಲೇ ಸಿಕ್ಕಿದಳು. "ಶೇಷಮ್ಮಕ್ಕಾ, ಯಾರು ಸತ್ರು?"

"ಯಾರೂ ಇಲ್ಲ. ಟಿವಿ ಹಾಕವ್ವಾ."

"ಹಾಕ್ತೀನಿ, ಆದ್ರೆ ನಮ್ ಟಿವಿಗೆ ಬಾಯಿಲ್ಲ. ರಂಜಾನ್‌ನಿಂದ ಮೂಗಿ ಆಗ್ಬಿಟ್ಟಿದೆ."

ಬಾಯಿ ಇಲ್ಲದಿದ್ದರೂ ಕಣ್ಣಿತ್ತು. ಚಿತ್ರ ಬರುವಷ್ಟರಲ್ಲಿ ಪಟಾಲಮ್ಮ ಎಲ್ಲರನ್ನೂ ಮತ್ತೆ ಕೂರಿಸತೊಡಗಿದರು. ಬಾಗಿಲ ಎಡಕ್ಕೆ ಕಿರಣ. ಇಲ್ಲಿ ಬಾಗಿಲ ಎಡಕ್ಕೆ ಹೊಲಿಗೆ ಮೆಷಿನ್ನು. ಮೆಷಿನ್ನು ಸರಿಸು. ಮಂಚವಿಲ್ಲ, ಬಟ್ಟೆ ಗಂಟಿನ ಮೇಲೆ ಪಟಾಲಮ್ಮ. ಕಿಟಕಿ ಯಾವ ಕಡೆ? ಕಿಟಕಿಯೇ ಇಲ್ಲ. ಹಾಗಾದರೆ ಕಪಾಟನ್ನೇ ಕಿಟಕಿ ಅಂದುಕೊಳ್ಳಿ. ತರಕಾರಿಯವನು ಹೋದ ಸಲ ಇರಲಿಲ್ಲ, ಅವನು ಹೊರಗೆ. ಅವನು ಹೋಗಲೊಲ್ಲ. ಇದೆಲ್ಲ ಮುಗಿಯುವ ಹೊತ್ತಿಗೆ ಸೌಂದರ್ಯಾ ಎಷ್ಟು ಸುತ್ತು ಹೊಡೆದಿದ್ದಳೋ ದೇವರೇ ಬಲ್ಲ. ಈ ಗದ್ದಲದಲ್ಲಿ ಒಬ್ಬರೂ ಟಿವಿ ನೋಡಿರಲಿಲ್ಲ.

ಕೊನೆಗೆ ನೋಡಿದವರಿಗೆ ಕಂಡದ್ದು ಇಷ್ಟು: ಮುಂದೆ ಇಬ್ಬರು, ಅವರ ಬೆನ್ನಿಗಂಟಿಕೊಂಡು ಸೌಂದರ್ಯಾ. ಹಿಂದೆ ಬಹಳ ದೂರದವರೆಗೆ ಯಾರೂ ಇಲ್ಲ.

"ಮೂರನೇವಳು" ಎಂದ ಕಿರಣ. ಮತ್ತೊಮ್ಮೆ ಅಂದ. ಒಂದು ಕೈಯಲ್ಲಿ ಮಗುವನ್ನು ಹಿಡಿದಿದ್ದ, ಇನ್ನೊಂದರಲ್ಲಿ ಪಕ್ಕೆ ಒತ್ತಿಕೊಂಡಿದ್ದ. ಮರ್ಫಿ ಟೌನಿನಿಂದ ಓಡಿದ್ದಕ್ಕೇ ಅವನ ಉಸಿರು ಸೀಳುತ್ತಿತ್ತು.

ನಾನು ಟಿವಿಗೆ ಬೆನ್ನು ಹಾಕಿ ಕೂತೇ ಇದ್ದೆ. ನನಗೆ ಕಂಡದ್ದು ಮುಖಗಳು ಉಬ್ಬಿದ್ದು, ಕೈಗಳು ಮೇಲೆದ್ದದ್ದು, ಮುನಿಆಂಜನಪ್ಪ ಹಗ್ಗ ಬಿಟ್ಟು ಸೋಡಾದವನನ್ನು ತಬ್ಬಿಕೊಂಡದ್ದು. ಗೆರೆ ದಾಟಿದಳು. ಒಬ್ಬಳು, ಇಬ್ಬರು, ಮೂರನೆಯವಳು ನಮ್ಮ ಸೌಂದರ್ಯಾ.

ಜಹನಾರಾ ಕಪಾಟಿನಿಂದ ಮೈಸೂರುಪಾಕಿನ ಡಬ್ಬಿ ಇಳಿಸಿದಳು. ತರಕಾರಿಯವನು ಮೆಟ್ಟಿಲಿನಿಂದಲೇ ಬಜಾರಿಗೆ ಕೂಗಿ ಹೇಳಿದ. ಕೆಳಗಿನ ಕ್ಷೌರದಂಗಡಿಯಲ್ಲಿ ರೇಡಿಯೋ ಜೋರಾಯಿತು. ನಾನು ಮೈಸೂರುಪಾಕು ಬಾಯಿಗಿಟ್ಟುಕೊಂಡು ರವಿಕೆಯಿಂದ ಕಾಗದ ತೆಗೆದೆ.

"ತಗೋ. ಸೈ ಹಾಕು."

"ಕೊಡವ್ವಾ, ಎಲ್ಲಿ ಹಾಕ್ಲಿ ಹೇಳು" ಎಂದವನೇ ಹೊಲಿಗೆ ಮೆಷಿನ್ನಿನ ಮೇಲಿಟ್ಟು ಉದ್ದಕ್ಕೆ ಗೀಚಿದ. ತುಪ್ಪದ ಬೆರಳಿನ ಗುರುತೂ ಬಿತ್ತು.

ಆಗ ಜಹನಾರಾ ಮೆಲ್ಲಗೆ ಕೇಳಿದಳು, "ಯಾಕಕ್ಕಾ, ಅವಳು ಇನ್ನೂ ಓಡ್ತಾ ಇದಾಳಲ್ಲ?"

"ಗೆದ್ದವರು ಇನ್ನೊಂದು ಸುತ್ತು ಓಡ್ತಾರಮ್ಮ, ಖುಷಿಗೆ" ಎಂದು ಮುನಿಆಂಜನಪ್ಪ ತಿಳಿಸಿ ಹೇಳಿದರು. "ನಾನು ಎಷ್ಟು ನೋಡಿಲ್ಲ."

"ಖುಷಿಗೆ ಓಡೋರು ಹಿಂಗೆ ಹಲ್ಲು ಕಚ್ತಾರಾ?"

"ಬಾವುಟ ಎಲ್ಲಿ ಮತ್ತೆ?" ಎಂದರು ಪಟಾಲಮ್ಮ.

"ಕೊಡ್ತಾರೆ ಇರು. ಉಡುಕ್ತಾವ್ರೆ."

ಅಷ್ಟರಲ್ಲಿ ಇನ್ನೊಬ್ಬಳು ಬಂದು ಗೆರೆ ದಾಟಿ ಬಿದ್ದಳಂತೆ. ಜನ ಅವಳನ್ನು ಎಬ್ಬಿಸಿ ತಬ್ಬಿದರಂತೆ. ಹೆಗಲಿಗೆ ಬಾವುಟ ಹೊದಿಸಿದರಂತೆ. ಟಿವಿಯಲ್ಲಿ ಮೂರು ಹೆಸರು ಬಂದವು. ಜಹನಾರಾ ಓದಿದಳು. ನಮ್ಮ ಹೆಸರಿರಲಿಲ್ಲ.

ಗಾಳಿ ಬಿಟ್ಟ ಬಲೂನಿನಂತೆ ಎಲ್ಲರೂ ಕೂತರು. ತರಕಾರಿಯವನು ಬಾಯಲ್ಲಿದ್ದ ಮೈಸೂರುಪಾಕನ್ನು ನುಂಗಬೇಕೋ ಬೇಡವೋ ಎಂದು ನೋಡುತ್ತಿದ್ದ. ಮುಂದಿನವರು ಸೌಂದರ್ಯಾಳಿಗಿಂತ ಒಂದಿಡೀ ಸುತ್ತು ಮುಂದಿದ್ದರು. ನಾವು ಜಾಗಕ್ಕೆ ಜಗಳಾಡುತ್ತಿದ್ದಾಗ ಹಿಂದಿನಿಂದ ಬಂದು ಅವಳನ್ನು ಸೇರಿಕೊಂಡು ದಾಟಿದ್ದರು. ಅವಳು ಅವರನ್ನು ಬಿಡದೆ ಹಿಡಿದಿದ್ದಳು. ಅಷ್ಟೇ ನಾವು ಕಂಡದ್ದು.

"ಇನ್ನೂ ಮುಗಿದಿಲ್ಲ, ಅವಳ ಕೊನೇ ಸುತ್ತು" ಎಂದಳು ಜಹನಾರಾ.

ನಾನು ತಿರುಗಿ ಕೂತೆ.

"ಶೇಷಮ್ಮ, ಜಾಗ" ಎಂದರು ಪಟಾಲಮ್ಮ.

"ಜಾಗಕ್ಕ ಬೆಂಕಿ ಬೀಳಲಿ. ನನ್ನ ಸೊಸಿ ಓಡೋದು ನಾ ನೋಡಬೇಕು."

ಟಿವಿಯವರಿಗೆ ಅವಳು ಬೇಕಿರಲಿಲ್ಲ. ಗೆದ್ದವಳು ಬಾವುಟ ಬೀಸುತ್ತ ಪರದೆ ತುಂಬ ನಗುತ್ತಿದ್ದಳು. ಬಾವುಟ ಅತ್ತ ಹಾರಿದಾಗ ಮಾತ್ರ ಮೂಲೆಯಲ್ಲಿ ಒಂದು ಪುಟ್ಟ ಆಕಾರ ಓಡುತ್ತಿರುವುದು ಕಾಣುತ್ತಿತ್ತು. ಕಿರಣ ಎದ್ದು ಬಂದು ಗಾಜಿಗೆ ಬೆರಳಿಟ್ಟ. "ಇಲ್ಲಿ. ಇಲ್ಲಿದ್ದಾಳ." ಬಾವುಟ ಮುಚ್ಚಿತು. "ಈಗ ಇಲ್ಲಿ." ನಾವೆಲ್ಲ ಅವನ ಬೆರಳಿಗೆ ಮುತ್ತಿಕೊಂಡೆವು. ಅವಳ ಮುಂದೆ ಇನ್ನೊಂದು ಆಕಾರ ತೂರಾಡುತ್ತ ಹೋಗುತ್ತಿತ್ತು. ಸೌಂದರ್ಯಾ ತಿರುವಿನಲ್ಲಿ ಕೈ ಬೀಸಿ, ನೂರು ಮೀಟರು ಓಡುವವರ ಹಾಗೆ ಮಂಡಿ ಎತ್ತಿ ಹೊರಟಳು. ತರಕಾರಿಯವನು ತನ್ನ ತಮಿಳಿನಲ್ಲಿ ಪೋ ಪೋ, ಹೋಗು ಹೋಗು ಅನ್ನುತ್ತಿದ್ದ. ಜಹನಾರಾ ಅಲ್ಲಾನನ್ನು ಕರೆದಳು. ಪಟಾಲಮ್ಮ ಬೋಗುಣಿ ಬಡಿದರು. ಗೆರೆಯ ಹತ್ತಿರ ಎರಡು ಆಕಾರ ಒಂದಾಗಿ, ಸೌಂದರ್ಯಾ ಮೊದಲು ಆಚೆ ಬಿದ್ದಳು.

ಸ್ವಲ್ಪ ಹೊತ್ತಿಗೆ ಉದ್ದನೆಯ ಪಟ್ಟಿ ಬಂತು. ಅವಳ ಹೆಸರು ಏಳನೆಯದು. ಮುನಿಆಂಜನಪ್ಪ ಒಂದೊಂದಾಗಿ ಎಣಿಸಿ, "ಇಡೀ ಏಷ್ಯಾದಾಗೆ ಏಳು" ಎಂದರು. ಒಂದು ತುಂಡು ಮೈಸೂರುಪಾಕು ಉಳಿದಿತ್ತು. ತರಕಾರಿಯವನು ಅದನ್ನು ತೆಗೆದುಕೊಂಡ.

ನಾನು ಕಾಗದವನ್ನು ಕಿರಣನ ಮುಂದೆ ಹಿಡಿದೆ. ಮೋಸದಿಂದ ಬಂದ ಸಹಿ ನನಗೆ ಬೇಡವಾಗಿತ್ತು.

"ಹರಿಯೋದಿದ್ರ ಹರಿ. ಪದಕ ಬಂದಿಲ್ಲ."

ಅವನು ಓದಿದ. ಎರಡನೇ ಸಲ ಓದಿದ.

"ಯವ್ವಾ, ನಮಗ ಗೊತ್ತಿರ್ಲಿಲ್ಲ. ಆಕಿಗೆ ಗೊತ್ತಿತ್ತಲ್ಲ?"

"ಏನು?"

"ತಾನು ಒಂದು ಸುತ್ತು ಹಿಂದ ಅದೀನಿ ಅಂತ. ಗೊತ್ತಿದ್ದೂ ಅವರ ಬೆನ್ನು ಬಿಡಲಿಲ್ಲ. ನಾನು ಇಲ್ಲಿತನ ಓಡಿದ್ದಕ್ಕ ಇನ್ನೂ ನೆಟ್ಟಗ ನಿಲ್ಲಾಕ ಆಗ್ವಲ್ದು." ಪಕ್ಕೆ ಹಿಡಿದುಕೊಂಡೇ ಜಹನಾರಾ ಕಡೆ ತಿರುಗಿದ. "ಅಕ್ಕಾ, ಪೆನ್ನು ಕೊಡ್ರಿ ಇನ್ನೊಂದ್ಸಲ. ಆ ಸೈ ಮೂರನೇವಳಿಗೆ ಹಾಕಿದ್ದು. ಅದು ಲೆಕ್ಕಕ್ಕಿಲ್ಲ."

ಮೊದಲ ಸಹಿಯ ಕೆಳಗೆ ಇನ್ನೊಂದು ಸಹಿ ಮಾಡಿದ. ಈ ಸಲ ನಿಧಾನಕ್ಕೆ, ತಂದೆಯ ಹೆಸರನ್ನೂ ಸೇರಿಸಿ.

"ಎರಡು ಸೈ ನೋಡಿ ಕೋಚಮ್ಮ ಏನಂದ್ಕೊಂತಾರೋ" ಎಂದೆ.

"ಇಬ್ಬರು ಗಂಡಂದಿರು ಅಂದ್ಕೊಳ್ಲಿ ಬಿಡು" ಎಂದರು ಪಟಾಲಮ್ಮ. "ಈಗ ಏಳ್ರಿ. ಪೋಸ್ಟಿನವನು ಕೊನೇ ಟಪಾಲು ಎತ್ತೋ ಒತ್ತಾಯ್ತು."

ಮತ್ತೆ ಮೆಟ್ಟಿಲು, ಮತ್ತೆ ಬಜಾರು. ಕ್ಷೌರದಂಗಡಿಯವನು ಕಂಚಂತಲ್ಲಾ ಎಂದು ಕೈ ಹಿಡಿಯಲು ಬಂದರೆ ನಿಂತು ಹೇಳಲು ನಮಗೆ ಪುರಸೊತ್ತಿರಲಿಲ್ಲ. ಮುನಿಆಂಜನಪ್ಪ ಓಡುತ್ತಲೇ "ಏಳು, ಏಳು" ಎಂದು ಬೆರಳು ತೋರಿಸಿದರು. ಪೋಸ್ಟಾಫೀಸಿನ ಮುಂದೆ ಟಪಾಲು ಚೀಲದವನು ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತಿದ್ದ. ಕೋಚಮ್ಮನ ವಿಳಾಸ ಬರೆದು ಕಾಗದದ ಜೊತೆಗೇ ನಾನು ಇಟ್ಟುಕೊಂಡಿದ್ದ ಲಕೋಟೆಗೆ ಕಿರಣ ಅದನ್ನು ತುಂಬಿ, ಎಂಜಲು ಹಚ್ಚಿ ಅಂಟಿಸಿ ಪುಟ್ಟಿಯ ಕೈಗೆ ಕೊಟ್ಟು ಕೆಂಪು ಡಬ್ಬಿಯ ಬಾಯಿಗೆ ಎತ್ತಿ ಹಿಡಿದ.

ಪುಟ್ಟಿ ಬಿಡಲೊಲ್ಲಳು. ಲಕೋಟೆಯ ಮೂಲೆ ಬಾಯಿಗಿಟ್ಟುಕೊಂಡು ಚೀಪಿದಳು. ತುಪ್ಪದ ರುಚಿ ಸಿಕ್ಕಿರಬೇಕು.

"ಬಿಡವ್ವಾ, ನಿಮ್ಮವ್ವಂದು ಅದು" ಎಂದು ಕಿರಣ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಲಕೋಟೆ ಒಳಗೆ ಬಿತ್ತು.