ಒಂಬತ್ತು, ಐದು

"ತಡೀರಿ, ಇಳಿಸಬೇಡಿ!" ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು, ರೇವಣಸಿದ್ದಯ್ಯ, ಕೈ ಎತ್ತಿದರು. ಕುಳ್ಳಿರಿಸಿ ತಂದಿದ್ದ ಚನ್ನವೀರಪ್ಪನ ದೇಹವನ್ನು ಹೊತ್ತವರು ಗುಂಡಿಯ ಅಂಚಿನಲ್ಲೇ ನಿಂತರು. ಹೆಂಡತಿ ನೀಲಗಂಗಮ್ಮ ಬಗ್ಗಿ ನೋಡಿದಳು.

"ಇದೇನಯ್ಯ, ಆನೆ ಕೂರಿಸೋಕೆ ತೋಡಿದ್ಯಾ?" ಎಂದರು ಅಯ್ಯನವರು.

"ಒಂಬತ್ತು, ಐದು ಅಂತ ಹೇಳಿಕಳ್ಸಿದ್ರು ಸ್ವಾಮಿ. ಟೇಪ್ ಹಿಡಿದೇ ತೋಡಿವ್ನಿ, ಒಂದಿಂಚು ತಪ್ಪಿಲ್ಲ," ಎಂದ ಗುಂಡಿ ತೋಡಿದ ಬೈರಯ್ಯ.

"ಟೇಪಿನ ಅಡಿ ಲೆಕ್ಕ ಅಲ್ಲಪ್ಪ ಅದು. ಹೋದವರ ಪಾದದಲ್ಲಿ ಒಂಬತ್ತು ಉದ್ದ, ಐದು ಅಗಲ. ಇಷ್ಟು ದೊಡ್ಡದರಲ್ಲಿ ಕೂರಿಸಿದ್ರೆ ಮಣ್ಣು ಬಿದ್ದಾಗ ಒರಗಿಬಿಡ್ತಾರೆ."

ಹೇಳಿ ಕಳಿಸಿದ್ದವನು ನಾಗರಾಜು. ರಾಜಾಜಿನಗರದ ಕಂಪ್ಯೂಟರ್ ಸೆಂಟರಿನಲ್ಲಿ ಚನ್ನವೀರಪ್ಪನ ಪಕ್ಕದ ಕುರ್ಚಿಯವನು. ಅವನ ಮುಖ ಬಾಡಿತು. "ಅಯ್ಯನವರು ಪಾದ ಅಂತಲೇ ಅಂದಿದ್ರು ಅತ್ತಿಗೆ. ನಾನು ಬರೀ ಅಂಕಿ ಹೇಳ್ಬಿಟ್ಟೆ."

"ಹೊತ್ತು ಮುಳುಗ್ತಾ ಇದೆ, ಇದರಲ್ಲೇ ಮುಗಿಸಿ," ಎಂದರು ಹಿಂದಿನಿಂದ ಯಾರೋ.

*

ಹೋದ ವರ್ಷ, ಎಂಬತ್ತಾರನೇ ಇಸವಿಯಲ್ಲಿ, ಅತ್ತಿಗುಪ್ಪೆಯ ಚನ್ನವೀರಪ್ಪನ ಮನೆಯಲ್ಲಿ ಊಟಕ್ಕೆ ಕೂತ ಮೇಲೂ ಅವನ ಮತ್ತು ನಾಗರಾಜುವಿನ ವಾದ ಮುಗಿದಿರಲಿಲ್ಲ. ಯಾವ ಫೈಲಿಗೆ ಎಷ್ಟು ಜಾಗ ಬೇಕೆಂದು ಜನ ಡೇಟಾಬೇಸಿಗೆ ತಮಗೆ ತೋಚಿದಂತೆ ಬರೆಯುತ್ತಿದ್ದರು: ಒಬ್ಬರದು ಹತ್ತು ಕೆ, ಇನ್ನೊಬ್ಬರದು ಎರಡು ಮೆಗಾ. ಅದನ್ನೆಲ್ಲ ಬೈಟು ಎಂಬ ಒಂದೇ ಅಳತೆಯ ಲೆಕ್ಕಕ್ಕೆ ಇಳಿಸುವ ಪ್ರೋಗ್ರಾಮಿನ ಫಂಕ್ಷನ್ನು ಚನ್ನವೀರಪ್ಪ ಬರೆಯುತ್ತಿದ್ದ.

"ಎಲ್ಲರೂ ಬೈಟಲ್ಲೇ ಬರೀಬೇಕು ಅಂತ ಆರ್ಡರ್ ಹಾಕ್ಸಣ್ಣ, ತಲೆನೋವೇ ಇರಲ್ಲ," ಎಂದ ನಾಗರಾಜು.

"ಅವರ ಮಾತಲ್ಲೇ ಅವರು ಬರೀಲಿ ಕಣೋ. ಲೆಕ್ಕದ ಕಷ್ಟ ನಮ್ದು."

"ಬರೀ ಹತ್ತು ಅಂತ ಬರೆದ್ರೆ? ಬೈಟು ಅಂದ್ಕೊಂಡ್ರಾಯ್ತು."

"ಅಂದ್ಕೊಳ್ಳೋದೇ ಬೇಡ. ಯಾವುದರಲ್ಲಿ ಹತ್ತು ಅಂತ ಮಿಷನ್ನು ವಾಪಸ್ ಕೇಳ್ಬೇಕು. ನೀಲಾ, ಬರೀ 'ಎರಡು ಕೊಡಿ' ಅಂದ್ರೆ ಇವನಿಗೆ ಏನು ಕೊಡ್ತೀಯ?"

"ಸೌಟಲ್ಲಿ ಎರಡು, ಬೆನ್ನಿಗೆ."

ನಾಗರಾಜುವಿಗೆ ನಗು ಬಂದು ಸಾರು ನೆತ್ತಿಗೇರಿತ್ತು.

*

"ಇದರಲ್ಲಿ ಬೇಡ," ಎಂದಳು ನೀಲಗಂಗಮ್ಮ. "ಅಂದಾಜಿಗೆ ಯಾವತ್ತೂ ಏನೂ ಬಿಟ್ಟ ಮನುಷ್ಯ ಅಲ್ಲ. ಅವರ ಅಳತೇಲೇ ಕೂರ್ಲಿ. ಹೊಸದು ತೋಡೋಕೆ ಹೊತ್ತಿಲ್ಲ ಬೈರಣ್ಣ, ಇದನ್ನೇ ಚಿಕ್ಕದು ಮಾಡಿ."

ಹಾರದಿಂದ ಒಂದು ಬಾಳೆನಾರು ಸೀಳಿ, ಗಂಡನ ಅಂಗಾಲಿಗೆ ಹಿಡಿದು, ಹೆಬ್ಬೆರಳ ತುದಿಗೆ ಸರಿಯಾಗಿ ಕಿತ್ತುಕೊಟ್ಟಳು. ಅಯ್ಯನವರು ಆ ನಾರಿನಲ್ಲಿ ಒಂಬತ್ತು, ಐದು ಅಳೆದು ಗುಂಡಿಯ ತಳದಲ್ಲಿ ಗೆರೆ ಎಳೆದರು. ನಾಗರಾಜು ಬೂಟು ಕಳಚಿ, ಪ್ಯಾಂಟು ಮಡಚಿ ಗುಂಡಿಗಿಳಿದ. ಬೈರಯ್ಯ ಮಣ್ಣು ಎಳೆದಂತೆಲ್ಲ ನಾಗರಾಜು ಅದನ್ನು ಗೆರೆಯಾಚೆಗೆ ತುಳಿದು ತುಳಿದು ಗಟ್ಟಿ ಮಾಡಿದ. ಮೇಲೆ ನಿಂತವರು ಶಿವನಾಮ ಹೇಳುತ್ತ ಬುಟ್ಟಿ ಕೈದಾಟಿಸಿದರು.

ಬಿಸಿಲು ಇನ್ನೂ ಒಂದಿಷ್ಟು ಉಳಿದಿರುವಾಗಲೇ ಚನ್ನವೀರಪ್ಪನನ್ನು ಇಳಿಸಿದರು. ಸುತ್ತ ತುಂಬಿಸಿದ ಹಸಿಮಣ್ಣಿನ ತುಂಬ ನಾಗರಾಜುವಿನ ಬರಿಗಾಲಿನ ಗುರುತುಗಳು ಒಂದರ ಮೇಲೊಂದು ಮೂಡಿದ್ದವು. ಅವುಗಳ ನಡುವೆ ಚನ್ನವೀರಪ್ಪ ನೆಟ್ಟಗೆ ಕೂತಿದ್ದ.