ಹೊನ್ನಕ್ಕಿಯಲ್ಲದ ಹಕ್ಕಿ

ನಾನು ಒಂದು ಟ್ರೂಪಿಯಲ್ ಹಕ್ಕಿ. ಈಗ ಬರೀ ತೊಗಲು, ಒಳಗೆ ಹತ್ತಿ. ಹುಟ್ಟಿದ್ದು ವೆನೆಜುವೆಲಾದ ಮುಳ್ಳುಪೊದೆಯಲ್ಲಿ. ಗೂಡು ಕಟ್ಟುವ ವ್ಯವಧಾನ ನಮಗಿಲ್ಲ. ಬೇರೆ ಹಕ್ಕಿಯ ಗೂಡಿಗೆ ನುಗ್ಗಿ ಅದನ್ನು ಓಡಿಸುತ್ತೇವೆ. ನನ್ನಮ್ಮನೂ ಹಾಗೇ ಮಾಡಿದ್ದಳು. ಇಕ್ಟರಸ್ ಎಂಬ ನಮ್ಮ ಕುಲದಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ಕಪ್ಪಿನ ಜೊತೆ ಹಳದಿಯೋ ಕಿತ್ತಳೆಯೋ ಹೊತ್ತವು, ಒಂದೆಡೆ ಕೂರದವು.

ಬಲೆ ಹಾಕಿ ಹಿಡಿದವನು ಕತ್ತು ಹಿಸುಕಿದ. ಇನ್ನೊಬ್ಬ ಹೊಟ್ಟೆ ಸೀಳಿ, ಹತ್ತಿ ತುಂಬಿ, ಹಾರಲು ಹೊರಟಂತೆ ರೆಕ್ಕೆಗೆ ತಂತಿ ಹಾಕಿದ. ಅಂದಿನಿಂದ ನಾನು ಹೊರಟೇ ಇದ್ದೇನೆ. ವ್ಯಾಪಾರಿಗಳ ಕೈ ದಾಟಿ, ಕೊನೆಗೆ ಗದಗಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯಕ್ಕೆ ಬಂದೆ. ದಾರಿಯಲ್ಲಿ ನನ್ನ ಹೆಸರಿನ ಚೀಟಿ ಕಳೆದಿತ್ತು. ಅಲ್ಲಿನ ಬೆಳವಡಿ ಮೇಷ್ಟ್ರು ಬಣ್ಣ ನೋಡಿ ‘ಹೊನ್ನಕ್ಕಿ, ಓರಿಯೋಲಸ್’ ಎಂದು ಹೊಸದು ಅಂಟಿಸಿದರು. ಹೊನ್ನಕ್ಕಿ ಈ ದೇಶದ್ದು. ಅದಕ್ಕೂ ನನಗೂ ನೆಂಟಸ್ತನವಿಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನ ಚೀಟಿ ಮುಚ್ಚಿ ನಮ್ಮನ್ನು ಸಾಲಾಗಿ ಇಡುತ್ತಾರೆ. ವಿದ್ಯಾರ್ಥಿಗಳು ಹೆಸರು ಬರೆಯಬೇಕು. ಹದಿನೆಂಟು ವರ್ಷ ಎಲ್ಲರೂ ಓರಿಯೋಲಸ್ ಎಂದೇ ಬರೆದರು. ಯಾರೂ ನನ್ನನ್ನು ನೋಡುತ್ತಿರಲಿಲ್ಲ.

“ಹಕ್ಕಿ ನೋಡಬ್ಯಾಡಲೇ, ಪೀಠ ನೋಡು. ಮೂಲಿ ಮುರದದ್ದು ಹೊನ್ನಕ್ಕಿ,” ಎಂದು ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹೇಳಿಕೊಡುತ್ತಿದ್ದರು.

ಕಸ್ತೂರಿ ಹಡಪದ ಎಂಬ ಹುಡುಗಿ ನೋಡಿದಳು. ಅವಳಿಗೆ ಅದು ಕೊನೆಯ ಅವಕಾಶ. ನಪಾಸಾದರೆ ಡಿಗ್ರಿ ಇಲ್ಲ. ಗ್ರಂಥಾಲಯದ ಪುಸ್ತಕದಲ್ಲಿ ನನ್ನನ್ನು ಹುಡುಕಿಟ್ಟಿದ್ದಳು. ಪೆನ್ನು ಎರಡು ಸಲ ಎತ್ತಿ ಇಟ್ಟು, ಇಕ್ಟರಸ್ ಎಂದು ಬರೆದಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಅವಳನ್ನು ಕರೆದರು. “ಏನವಾ, ಅಮೆರಿಕಾದ ಹಕ್ಕಿ ಬಸ್ ಹತ್ತಿ ಗದಗಿಗೆ ಬಂತೇನು?”

“ಹೊನ್ನಕ್ಕಿ ಬೆನ್ನು ಹಳದಿ ಇರತೈತ್ರಿ ಸರ್. ಇದರದು ಕರಿ. ರೆಕ್ಕಿ ಮ್ಯಾಲ ಇಷ್ಟಗಲ ಬಿಳಿ ಪಟ್ಟಿ. ನೀವ ನೋಡ್ರಿ.”

ಅವರು ನೋಡಿದರು. ಬೆಳವಡಿ ಮೇಷ್ಟ್ರೂ ನೋಡಿದರು, ಹದಿನೆಂಟು ವರ್ಷದಲ್ಲಿ ಎರಡನೇ ಸಲ.

“ಆಕಿ ಬರದದ್ದು ಖರೇ ಐತ್ರಿ,” ಎಂದರು ಮೇಷ್ಟ್ರು. “ತಪ್ಪು ನಂದ.”

“ಹಂಗಾರ ಉಳದ ಮೂವತ್ತೆಂಟು ಮಂದಿ ಮಾರ್ಕ್ಸ್ ಕಡಿಯೂಣೇನ್ರಿ?” ಪರೀಕ್ಷಕರು ಕೇಳಿದರು.

ಮೇಷ್ಟ್ರು ಕಿಟಕಿ ಕಡೆ ತಿರುಗಿದರು. ಕೊನೆಗೆ ಎಲ್ಲರಿಗೂ ಎರಡೆರಡು ಅಂಕ ಬಿತ್ತು. ಕಸ್ತೂರಿ ಪಾಸಾದಳು. ಆದರೂ ಜಾಗ ಬಿಟ್ಟು ಕದಲಲಿಲ್ಲ.

“ಇದು ಯಾವ ಹಕ್ಕಿ ಅಂತ ನೀವ ಎಲ್ಲಾರ ಮುಂದ ಹೇಳ್ರಿ ಸರ್.”

“ಪಾಸಾದ್ಯಲ್ಲ, ನಡಿಯವಾ,” ಎಂದರು ಪರೀಕ್ಷಕರು.

ಮರುದಿನ ಅಟೆಂಡರ್ ದಾವಲಸಾಬ ನನ್ನನ್ನು ಸ್ಟೋರ್ ರೂಮಿಗೆ ತಂದಿಟ್ಟು ಬೀಗ ಹಾಕಿದ. ಹುಳು ಒಳಗಿನ ಹತ್ತಿಯವರೆಗೂ ಬಂದಿದೆ. ಹೆಚ್ಚು ದಿನ ಉಳಿಯಲಾರೆ. ಸರಿ ಬರೆದವಳೂ ಪಾಸು, ತಪ್ಪು ಬರೆದವರೂ ಪಾಸು, ತಪ್ಪು ಕಲಿಸಿದವರಿಗೆ ಸಂಬಳ ನಿಂತಿಲ್ಲ. ಕತ್ತಲೆಗೆ ಬಂದದ್ದು ನಾನೊಬ್ಬನೇ.