ಹನ್ನೊಂದು ಗಂಟೆಯ ಕರೆ

ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಎಂಟು ಕುರ್ಚಿಗಳು. ಕಿಟಕಿಯ ಕಡೆಯಿಂದ ಮೂರನೆಯದು ಹದಿನೆಂಟು ವರ್ಷದಿಂದ ಅಕ್ಕನದು. ಅಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಅವಳು ಅಕ್ಕನೇ. ಫೋನಿನಲ್ಲಿ ಗೋಳಾಡುವವರನ್ನು ಸಮಾಧಾನ ಮಾಡಿ ಅವರ ಬಾಯಿಂದ ವಿಳಾಸ ಹೊರಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಆ ಕಡೆಯವರು ಇಂಗ್ಲಿಷಿನಲ್ಲಿ ಶುರು ಮಾಡಿದರೋ, ಅಕ್ಕನ ಬಾಯಿಗೆ ಬೀಗ. ಪಕ್ಕದ ಕುರ್ಚಿಯ ಹುಡುಗಿಯ ಮೇಜನ್ನು ಎರಡು ಸಲ ಕುಟ್ಟಿ ಕರೆಯನ್ನು ಅವಳಿಗೆ ದಾಟಿಸಿಬಿಡುತ್ತಿದ್ದಳು. ಹಾಗೆ ದಾಟಿಸುವಾಗ ಒಮ್ಮೆ ಕರೆ ಕಡಿದುಹೋಗಿತ್ತು. ಅವರು ಮತ್ತೆ ಫೋನು ಮಾಡಲೇ ಇಲ್ಲ. ಅವರಿಗೇನಾಯಿತೋ ಎಂಬ ಕೊರಗು ಅಕ್ಕನನ್ನು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಆದೇಶ ಬಂತು. ಮುಂದಿನ ತಿಂಗಳಿಂದ ಕರೆ ದಾಟಿಸುವಂತಿಲ್ಲ. ಅದರೊಳಗೆ ಇಂಗ್ಲಿಷ್ ಪರೀಕ್ಷೆ. ಪಾಸಾಗದವರು ಹಿಂದಿನ ಕಟ್ಟಡಕ್ಕೆ ಹೋಗಿ ಹಳೇ ಕಡತಗಳಿಗೆ ನಂಬರು ಅಂಟಿಸುತ್ತ ಕೂರಬೇಕು. ಆದೇಶ ಬರೆದ ಪುಣ್ಯಾತ್ಮ ತನ್ನ ಜನ್ಮದಲ್ಲಿ ಒಂದೇ ಒಂದು ಕರೆ ಎತ್ತಿದವನಲ್ಲ, ಅದು ಬೇರೆ ಮಾತು.

ಕಾಲೇಜಿಗೆ ಹೋಗುವ ಮಗಳೇ ಅಕ್ಕನಿಗೆ ಗುರುವಾದಳು. ಮೊದಲು ಇಂಗ್ಲಿಷ್ ಸಿನಿಮಾ. ಕೆಳಗೆ ಬರುವ ಅಕ್ಷರ ಓದಿಕೊಂಡು ಅಕ್ಕ ಎಲ್ಲ ಅರ್ಥವಾದವಳಂತೆ ತಲೆಯಾಡಿಸುವುದನ್ನು ಕಂಡು ಮಗಳು ಟಿವಿಯ ಕೆಳಭಾಗಕ್ಕೆ ಟವೆಲ್ ಕಟ್ಟಿದಳು. ಬೀಗ ರಿಪೇರಿಯ ಅಂಗಡಿ ಮುಚ್ಚಿಕೊಂಡು ಮನೆಗೆ ಬಂದ ಗಂಡ ಬಾಗಿಲಲ್ಲೇ ನಿಂತ.

"ಇದೇನೇ, ಟಿವಿಗೆ ಲಂಗ ಉಡಿಸಿದ್ದೀರಾ?"

"ನಿಮ್ಮ ಬಾಯಿಗೂ ಒಂದು ಕಟ್ತೀನಿ, ಸುಮ್ನಿರಿ. ಏನಂದ ಅಂತ ಕೇಳಿಸ್ಲಿಲ್ಲ."

ಆಮೇಲೆ ಸಮುದ್ರಯಾನದ ಒಂದು ಕಥೆಪುಸ್ತಕ. ಹಡಗಿನ ಹಗ್ಗಗಳ ಹೆಸರೆಲ್ಲ ಬಾಯಿಪಾಠವಾದವು, ಎದೆನೋವಿಗೆ ಏನನ್ನುತ್ತಾರೆ ಎಂಬುದು ಮಾತ್ರ ಅದರಲ್ಲಿರಲಿಲ್ಲ. ಸಂಜೆ ಸುದ್ದಿಯ ಚರ್ಚೆ. ಐದು ಜನ ಒಟ್ಟಿಗೆ ಕೂಗಾಡುತ್ತಾರೆ, ಅಪಘಾತದ ಜಾಗದಿಂದ ಬರುವ ಕರೆಯೂ ಹೀಗೇ ಇರುತ್ತದೆಂದು ಅಕ್ಕ ಶ್ರದ್ಧೆಯಿಂದ ಕೇಳಿದಳು. ಕೊನೆಗೆ ಮಗಳು ಒಳಕೋಣೆಯಿಂದ ಫೋನು ಮಾಡಿ ಇಂಗ್ಲಿಷಿನಲ್ಲಿ ನರಳಬೇಕು, ಅಡುಗೆಮನೆಯಲ್ಲಿ ನಿಂತ ತಾಯಿ ಬರೆದುಕೊಳ್ಳಬೇಕು. ಊಟ ತಟ್ಟೆಯಲ್ಲೇ ಆರುತ್ತಿತ್ತು. ಈ ವಯಸ್ಸಿನಲ್ಲಿ ಫೇಲಾಗಿ ಕಡತದ ಕೋಣೆಗೆ ನಡೆದುಹೋಗುವುದನ್ನು ನೆನೆದು ಮಗಳಿಂದ ಇನ್ನೊಂದು ಸಲ ನರಳಿಸುತ್ತಿದ್ದಳು.

ಆಫೀಸಿನಲ್ಲೂ ಅಭ್ಯಾಸವಿತ್ತು. ದಿನಾ ಹನ್ನೊಂದು ಗಂಟೆಗೆ ಸರಿಯಾಗಿ ಸಾಹೇಬರು ತಮ್ಮ ಗಾಜಿನ ಕೋಣೆಯಿಂದ ದನಿ ಬದಲಿಸಿ ಮೊದಲು ಅಕ್ಕನ ಕುರ್ಚಿಗೆ, ಆಮೇಲೆ ಉಳಿದವರಿಗೆ ಕರೆ ಮಾಡುತ್ತಿದ್ದರು. ಕಾಲೇಜಿನಲ್ಲಿ ನಾಟಕ ಆಡಿದವರು, ಒಂದು ದಿನ ಮುದುಕ, ಒಂದು ದಿನ ಬಾಣಂತಿಯ ಅತ್ತೆ. ವಿವರವನ್ನೆಲ್ಲ ಹಳದಿ ಹಾಳೆಯ ಮೇಲೆ ಬರೆಯಬೇಕು, ಗಾಡಿ ಕಳಿಸುವ ಕೆಂಪು ಗುಂಡಿಯನ್ನು ಮಾತ್ರ ಮುಟ್ಟಕೂಡದು. ಮೊದಲ ವಾರ ಯಾರೋ ಮರೆತು ಒತ್ತಿ, ಇಲ್ಲದ ಮನೆಯೊಂದನ್ನು ಹುಡುಕುತ್ತ ಗಾಡಿಯೊಂದು ಗಂಟೆಗಟ್ಟಲೆ ಸುತ್ತಿ ರಾಮಾಯಣವಾಗಿತ್ತು. ಹದಿನೈದು ದಿನ ಕಳೆಯುವಷ್ಟರಲ್ಲಿ ಇಂಗ್ಲಿಷ್ ದನಿ ಕೇಳಿದರೆ ಸಾಕು, ಅಕ್ಕನ ಕೈ ತಾನಾಗಿಯೇ ಹಳದಿ ಹಾಳೆಗೆ ಹೋಗುತ್ತಿತ್ತು.

ಪರೀಕ್ಷೆಯ ದಿನ ಬಂತು. ಕರೆ ಹನ್ನೊಂದಕ್ಕೇ, ಆದರೆ ಮಾಡುವವರು ಹೊರಗಿನವರು. ಹನ್ನೊಂದಾಯಿತು, ಫೋನು ಗುಣುಗುಟ್ಟಿತು.

ಗಂಡಸಿನ ದನಿ. ಇಂಗ್ಲಿಷು. ನಿಧಾನ, ಬಿಡಿಬಿಡಿ. ಹೆಂಡತಿ ಸ್ನಾನದ ಮನೆಯ ಬಾಗಿಲಲ್ಲಿ ಬಿದ್ದಿದ್ದಾಳೆ, ಎದೆ ಹಿಡಿದುಕೊಂಡಿದ್ದಳು, ಈಗ ಮಾತಾಡುತ್ತಿಲ್ಲ. ಅಕ್ಕನಿಗೆ ಒಂದೊಂದು ಮಾತೂ ಅರ್ಥವಾಯಿತು! ವಿಳಾಸ ಕೇಳಿದಳು, ವಯಸ್ಸು ಕೇಳಿದಳು, ಉಸಿರಾಡುತ್ತಿದ್ದಾರಾ ಎಂದು ಕೇಳಿದಳು. ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಿಸಿಕೊಂಡಳು, ಎರಡು ಸಲ. ಮುದ್ದಾದ ಅಕ್ಷರದಲ್ಲಿ ಹಳದಿ ಹಾಳೆ ತುಂಬುತ್ತ ಬಂತು.

"ಆಂಬುಲೆನ್ಸ್ ಹೊರಟಿತಾ?" ಎಂದು ಆತ ಕೇಳಿದ.

"ಹೆಲ್ಪ್ ಈಸ್ ಆನ್ ದಿ ವೇ," ಎಂದಳು ಅಕ್ಕ. ಸಹಾಯ ಹೊರಟಿದೆ. ಮಗಳ ಜೊತೆ ನೂರು ಸಲ ಹೇಳಿ ಪಳಗಿಸಿದ್ದ ವಾಕ್ಯ, ಎಷ್ಟು ಚೆನ್ನಾಗಿ ಬಂತು ಎಂದು ಅವಳಿಗೇ ಹೆಮ್ಮೆಯಾಯಿತು.

ಆಗ ಹಿಂದಿನಿಂದ ಸಾಹೇಬರ ದನಿ. "ಅಕ್ಕ, ಇವರೇ ನಿಮ್ಮ ಪರೀಕ್ಷೆ ಮಾಡೋರು. ದಾರೀಲಿ ಟ್ರಾಫಿಕ್ ಅಂತೆ, ಈಗ ಬಂದ್ರು. ಆ ಕರೆ ಮುಗಿಸ್ಕೊಳ್ಳಿ, ಶುರು ಮಾಡೋಣ."

ಅಕ್ಕ ತಿರುಗಿ ನೋಡಿದಳು. ಸಾಹೇಬರು, ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿರುವ ಒಬ್ಬ ಹೆಂಗಸು. ಕಿವಿಯಲ್ಲಿ ಇನ್ನೂ ಆ ಗಂಡಸಿನ ಉಸಿರು. ಅವಳ ಜೀವ ಬಾಯಿಗೆ ಬಂತು. ಕೆಂಪು ಗುಂಡಿಯನ್ನು ಹೇಗೆ ಒತ್ತಿದಳೋ, ಹಳದಿ ಹಾಳೆಯಲ್ಲಿದ್ದ ವಿಳಾಸವನ್ನು ಡ್ರೈವರಿಗೆ ಹೇಗೆ ಒದರಿದಳೋ ಅವಳಿಗೇ ತಿಳಿಯಲಿಲ್ಲ. ಪರದೆಯ ಮೇಲೆ ಕರೆಯ ಹೊತ್ತು ಮಿನುಗುತ್ತಿತ್ತು: ಮೂರು ನಿಮಿಷ ನಲವತ್ತು ಸೆಕೆಂಡು.

ಹೆಂಡತಿ ಉಸಿರಾಡುತ್ತಿಲ್ಲ ಎಂದ ಆತ. ಆಗ ದನಿ ಒಡೆದಿತ್ತು. ಎರಡೂ ಕೈ ಎದೆಯ ನಡುವೆ ಇಡಿ, ಜೋರಾಗಿ ಒತ್ತಿ, ನನ್ನ ಜೊತೆ ಎಣಿಸಿ ಎಂದಳು ಅಕ್ಕ. ಅವಳು ಎಣಿಸಿದಳು, ಅವನು ಒತ್ತಿದ. ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೇನೆ ಎಂಬುದೂ ಅವಳ ನೆನಪಿನಲ್ಲಿರಲಿಲ್ಲ. ಆರು ನಿಮಿಷ ಎಣಿಸಿದ ಮೇಲೆ ಬಾಗಿಲು ತೆರೆದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಡ್ರೈವರು ಹೇಳಿದ: "ಉಸಿರು ಬಂತು ಅಕ್ಕ. ಆಸ್ಪತ್ರೆಗೆ ಹೊರಟ್ವಿ."

ಕೋಣೆಯವರೆಲ್ಲ ಚಪ್ಪಾಳೆ ತಟ್ಟಿದರು. ಪರೀಕ್ಷೆಯ ಹೆಂಗಸು ಕಣ್ಣೊರೆಸಿಕೊಂಡು, "ಇದಕ್ಕಿಂತ ಪರೀಕ್ಷೆ ಬೇಕಾ?" ಎಂದು ಅಲ್ಲೇ ನೂರಕ್ಕೆ ನೂರು ಬರೆದು ಸಹಿ ಹಾಕಿದಳು. ಉಚ್ಚಾರ, ಗ್ರಹಿಕೆ, ಸೌಜನ್ಯ, ಎಲ್ಲ ಕಾಲಂ ಭರ್ತಿ.

ಅಕ್ಕ ಮಾತ್ರ ನಗಲಿಲ್ಲ. ಆ ಹೆಂಗಸು ಹೋದ ಮೇಲೆ ಸಾಹೇಬರ ಕೋಣೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿ, ಬರೆದುಕೊಡುತ್ತೇನೆ ಎಂದಳು. ಸಾಹೇಬರ ಮುಖ ಇಳಿದುಹೋಯಿತು. ಎದ್ದು ಬಾಗಿಲು ಹಾಕಿದರು.

"ಆಯಮ್ಮ ಬದುಕಿದ್ದಾರಲ್ಲ ಅಕ್ಕ. ಬಿಟ್ಬಿಡಿ, ಯಾರೂ ಕೇಳಲ್ಲ."

"ಪರೀಕ್ಷೆ ಅಂದ್ಕೊಂಡು ಸುಳ್ಳು ಹೇಳ್ದೆ ಸಾರ್. ಗಾಡಿ ಹೊರಟೇ ಇರ್ಲಿಲ್ಲ."

"ಬರೆದ್ಕೊಟ್ರೆ ನಿಮ್ಮ ಕುರ್ಚಿ ಹೋಗುತ್ತೆ. ನನ್ನದೂ ಹೋಗಬಹುದು."

ಅಕ್ಕನಿಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಹಿಂದಿನ ಕಟ್ಟಡದ ಕಡತಗಳ ಧೂಳು ಆಗಲೇ ಮೂಗಿಗೆ ಬಡಿದಂತಾಯಿತು. "ನಾಳೆ ಹನ್ನೊಂದಕ್ಕೆ ಇನ್ನೊಬ್ಬರು ಬೀಳ್ತಾರೆ ಸಾರ್. ಪಕ್ಕದ ಕುರ್ಚಿ ಹುಡುಗಿ ಕೈನೂ ಹಳದಿ ಹಾಳೆಗೇ ಹೋಗುತ್ತೆ. ನಾನು ಬಾಯಿ ಮುಚ್ಕೊಂಡು ಅದನ್ನ ನೋಡ್ತಾ ಕೂರ್ಲಾ?"

ಸಾಹೇಬರು ಹಾಕಿದ್ದ ಬಾಗಿಲನ್ನು ಮತ್ತೆ ತೆರೆದರು. ಹೊಸ ಆದೇಶದ ಪ್ರಕಾರ ತಪ್ಪಿನ ವರದಿಯೂ ಇಂಗ್ಲಿಷಿನಲ್ಲೇ ಇರಬೇಕಿತ್ತು. ಮಗಳಿಗೆ ಫೋನು ಮಾಡಿ ಕೇಳಬಹುದಿತ್ತು, ಅಕ್ಕ ಮಾಡಲಿಲ್ಲ. ತನ್ನ ಕುರ್ಚಿಗೆ ಬಂದು ಕೂತು, ಕರೆ ಬಂದ ಹೊತ್ತು, ಗುಂಡಿ ಒತ್ತಿದ ಹೊತ್ತು, ನಡುವೆ ತಾನು ಹೇಳಿದ ಸುಳ್ಳು, ಎಲ್ಲವನ್ನೂ ಒಂದೊಂದೇ ವಾಕ್ಯ ಮಾಡಿ ಬರೆದಳು. ಯಾರ ನೆರವೂ ಇಲ್ಲದೆ ಅವಳು ಬರೆದ ಮೊದಲ ಇಂಗ್ಲಿಷ್ ಕಾಗದ ಅದು. ಎರಡು ಸಲ ಓದಿಕೊಂಡಳು, ಕೆಳಗೆ ಸಹಿ ಹಾಕಿದಳು.